ಕೈ ತಪ್ಪಿದ್ರೆ ಹೇಳಿ, ಅತ್ತೆ

ಉಪ್ಪಿಗೆ ವಾಸನೆಯಿಲ್ಲ ಎನ್ನುವವರು ಮರದ ಮರಿಗೆಯೊಳಗೆ ಮೂಗಿಟ್ಟು ನೋಡಿರಲಾರರು. ಮಳೆಗಾಲದಲ್ಲಿ ಕಲ್ಲುಪ್ಪು ನೀರು ಬಿಟ್ಟುಕೊಂಡು, ಆ ನೀರು ಮರಕ್ಕೆ ಇಂಗಿ, ಬೇಸಿಗೆಯಲ್ಲಿ ಒಣಗಿ, ಮತ್ತೆ ಒದ್ದೆಯಾಗಿ, ವರ್ಷಗಟ್ಟಲೆ ಇದೇ ನಡೆದ ಮೇಲೆ ಅದಕ್ಕೊಂದು ವಾಸನೆ ಹುಟ್ಟುತ್ತದೆ. ಯಾರೋ ಒದ್ದೆ ಕೈಯನ್ನು ಈಗಷ್ಟೇ ಒಳಗಿಟ್ಟು ತೆಗೆದಂಥ ವಾಸನೆ ಅದು. ಹೋದ ಶ್ರಾವಣದಲ್ಲಿ ದಟ್ಟಗಳ್ಳಿಯ ನನ್ನ ಅಡುಗೆಮನೆಯಲ್ಲಿ ಉಪ್ಪಿನ ಪ್ಲಾಸ್ಟಿಕ್ ಡಬ್ಬ ಸೀಳಿಹೋಯಿತು. ಹೊಸದು ತರುವವರೆಗೆ ಇರಲಿ ಎಂದು ಅಟ್ಟದ ಮೇಲಿದ್ದ ದೊಡ್ಡಮ್ಮನ ಮರಿಗೆಯನ್ನು ಇಳಿಸಿದೆ. ಇಪ್ಪತ್ತು ವರ್ಷದಿಂದ ಹಳೆಯ ಸೀರೆಯೊಂದರಲ್ಲಿ ಸುತ್ತಿಟ್ಟಿದ್ದ ಹಲಸಿನ ಮರದ ಮರಿಗೆ. ಅಷ್ಟು ವರ್ಷ ಅದಕ್ಕೆ ಒಂದು ಕಲ್ಲು ಉಪ್ಪನ್ನೂ ನಾನು ಹಾಕಿರಲಿಲ್ಲ. ಸೀರೆ ಬಿಚ್ಚಿ ಕೈಯಾಡಿಸಿದರೆ ಒಳಗೆ ಒದ್ದೆಯಿತ್ತು. ಮಳೆಗಾಲದ ಥಂಡಿ ಇರಬೇಕು ಎಂದುಕೊಂಡೆ. ಆದರೂ ಆ ವಾಸನೆಗೆ ನನ್ನ ಕುತ್ತಿಗೆಯ ಹಿಂದೆ ಕೂದಲು ನಿಂತಿತು. ಒಂಬತ್ತು ವರ್ಷದವಳಾಗಿ, ಗೋಡೆಗೆ ಮುಖ ಮಾಡಿ, ಕತ್ತಲಲ್ಲಿ ಉಸಿರು ಹಿಡಿದು ನಿಂತುಬಿಟ್ಟೆ.

ಲಕ್ಷ್ಮೀಪುರಂನ ಆ ಮನೆಯನ್ನು ನೀವು ನೋಡಿರಲಾರಿರಿ. ಈಗ ಅಲ್ಲಿ ಮೂರಂತಸ್ತಿನ ಕಟ್ಟಡವಿದೆ, ಕೆಳಗಡೆ ಕನ್ನಡಕದ ಅಂಗಡಿ. ಆದರೆ ನಿಮ್ಮ ಬಾಲ್ಯದಲ್ಲೂ ಅಂಥದೊಂದು ಮನೆ ಇದ್ದೀತು, ಅದೂ ಹೋಗಿದ್ದೀತು, ಆದ್ದರಿಂದ ಹೇಳುತ್ತೇನೆ. ಮುಂದೆ ತಗ್ಗಿನ ಜಗುಲಿ, ನಡುವೆ ಕಂಬದ ಪಡಸಾಲೆ, ಅದರ ಹಿಂದೆ ಮನೆಯವರಿಗೊಂದು ಸಣ್ಣ ಅಡುಗೆಮನೆ, ಎಲ್ಲಕ್ಕೂ ಹಿಂದೆ ಹಿತ್ತಲಿಗೆ ಅಂಟಿಕೊಂಡಂತೆ ದೊಡ್ಡ ಅಡುಗೆಮನೆ. ಆ ದೊಡ್ಡ ಅಡುಗೆಮನೆ ದೊಡ್ಡಮ್ಮನ ರಾಜ್ಯ. ಜಾನಕಮ್ಮ ಎಂದು ಹೆಸರು, ನಮ್ಮಪ್ಪನ ಅಣ್ಣನ ಹೆಂಡತಿ. ಮುಂಜಿ, ಸೀಮಂತ, ಪೂಜೆ ಯಾವುದಕ್ಕಾದರೂ ಅಲ್ಲೇ ಅಡುಗೆ ಮಾಡಿ ಕಳಿಸಿಕೊಡುತ್ತಿದ್ದರು. ಆರೇಳು ಹೆಂಗಸರ ತಂಡ. ಕರಿಯುವ ಕೆಲಸ ಪದ್ದಕ್ಕನದು. ಪಾತ್ರೆ ತೊಳೆದು, ತರಕಾರಿ ತೊಳೆದು, ಸೌದೆ ಒಟ್ಟುವ ಕೆಲಸ ನಜರ್‌ಬಾದಿನಿಂದ ನಡೆದು ಬರುತ್ತಿದ್ದ ನಾಗಮ್ಮನದು. ಮಡಿಯ ಮನೆ, ಹಾಗಾಗಿ ನಾಗಮ್ಮ ಹಿತ್ತಲ ಬಾಗಿಲಿನ ಹೊಸ್ತಿಲು ದಾಟುವಂತಿರಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಯಾರಿಗೂ ಆಗುತ್ತಿರಲಿಲ್ಲ. ನಮ್ಮಮ್ಮ ಕೆಲಸಕ್ಕೆ ಹೋಗುತ್ತಿದ್ದುದರಿಂದ ಶಾಲೆಯಿಲ್ಲದ ದಿನವೆಲ್ಲ ನಾನು ದೊಡ್ಡಮ್ಮನ ಸೆರಗಿನ ಹಿಂದೆ ಇರುತ್ತಿದ್ದೆ, ಹುಣಸೆಹಣ್ಣಿನ ಬೀಜ ತೆಗೆಯುವ ಘನಕಾರ್ಯ ನನ್ನದಾಗಿತ್ತು.

ದೇವರಿಗೆ ಎಡೆ ಇಡುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ನಾಲಿಗೆಗೆ ಒಂದು ಹನಿ ಸೋಕಿದರೂ ಅದು ಎಂಜಲು. ಇನ್ನೂರು ಜನಕ್ಕೆ ಬೇಯುವ ಹುಳಿಗೆ ಉಪ್ಪು ಎಷ್ಟು ಎಂಬುದನ್ನು ಕೈಯೇ ಹೇಳಬೇಕು. ದೊಡ್ಡಮ್ಮನ ಕೈ ಹೇಳುತ್ತಿತ್ತು. ಮರಿಗೆಗೆ ಕೈ ಹಾಕಿ, ಮುಷ್ಟಿ ಕಟ್ಟಿ, ಒಂದು ಸಲ ತೂಗಿ, ಕೊಳಗದ ಬಾಯಿಯ ಮೇಲೆ ಬಿಚ್ಚಿದರೆ ಮುಗಿಯಿತು. ಜಂಬ ಬೇಕಾದಷ್ಟಿತ್ತು, ಅದನ್ನು ಮುಚ್ಚಿಡುವ ಅಭ್ಯಾಸ ಇರಲಿಲ್ಲ. "ತಕ್ಕಡಿ ಸುಳ್ಳು ಹೇಳ್ಬಹುದು ಕಣೇ ಪುಟ್ಟಿ, ಈ ಕೈ ಹೇಳಲ್ಲ" ಎಂದು ನನ್ನ ಮುಂದೆ ಅಂಗೈ ಅಗಲಿಸಿ ತೋರಿಸುತ್ತಿದ್ದರು. ಪದ್ದಕ್ಕ ಬಾಣಲೆಯ ಹಿಂದಿನಿಂದ, "ಅಯ್ಯೋ, ಕೈಗೊಂದು ಪೇಟ ಕಟ್ಸಿ ಜಾನಕಮ್ಮ, ದಸರಾಕ್ಕೆ ಕಳಿಸೋಣ" ಎಂದು ರೇಗಿಸುತ್ತಿದ್ದರು. ಬೆಳಿಗ್ಗೆ ಐದರಿಂದ ಹನ್ನೊಂದರವರೆಗೆ ಆ ಅಡುಗೆಮನೆಯಲ್ಲಿ ದೊಡ್ಡಮ್ಮನ ಮಾತಿಗೆ ಎದುರು ಮಾತಿಲ್ಲ. ಅವರು ಸೌಟು ಎತ್ತಿದರೆ ಒಲೆಯ ಉರಿಯೂ ತಗ್ಗುತ್ತದೆ ಎಂದು ನಾನು ನಂಬಿದ್ದೆ.

ಎಲ್ಲ ಪಾತ್ರೆ ಒಲೆಯಿಂದ ಇಳಿದ ಮೇಲೆ, ಮುಚ್ಚಳ ತೆಗೆದು ಬಡಿಸುವ ಪಾತ್ರೆಗಳಿಗೆ ತುಂಬುವ ಮೊದಲು, ಒಂದು ಪದ್ಧತಿಯಿತ್ತು. ಇದನ್ನು ಬೇರೆ ಯಾವ ಮನೆಯಲ್ಲೂ ನಾನು ಕಂಡಿಲ್ಲ. ಪದ್ದಕ್ಕ ಕಿಟಕಿಗಳನ್ನು ಮುಚ್ಚುತ್ತಿದ್ದರು. ಹಿತ್ತಲ ಬಾಗಿಲನ್ನು ಒಂದು ಬೆರಳಿನಷ್ಟು ಬಿಟ್ಟು ಮುಂದಕ್ಕೆಳೆಯುತ್ತಿದ್ದರು. ಹಾಡಹಗಲು ಹನ್ನೊಂದು ಗಂಟೆಯಲ್ಲಿ ಆ ಮಸಿ ಹಿಡಿದ ಕೋಣೆ ಗವ್ವೆನ್ನುವಷ್ಟು ಕತ್ತಲಾಗುತ್ತಿತ್ತು. ಬೂದಿಯ ಕೆಳಗಿನ ಕೆಂಡ ಮಾತ್ರ ಅಲ್ಲೊಂದು ಇಲ್ಲೊಂದು ಕಣ್ಣು ಬಿಡುತ್ತಿತ್ತು. ಹೆಂಗಸರೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಬೇಕು, ತಿರುಗಿ ನೋಡುವಂತಿಲ್ಲ. ದೊಡ್ಡಮ್ಮ ಉಗ್ರಾಣದ ಬಾಗಿಲಿಗೆ ಎದುರಾಗಿ ನಿಂತು, ಬೆಳಗಿನಿಂದ ನಾನು ಕೇಳಿರದ ಒಂದು ಸಣ್ಣ ದನಿಯಲ್ಲಿ, ಆಗ ತಾನೇ ಮದುವೆಯಾಗಿ ಬಂದ ಸೊಸೆಯ ಹಾಗೆ ಕೇಳುತ್ತಿದ್ದರು.

"ಕೈ ತಪ್ಪಿದ್ರೆ ಹೇಳಿ, ಅತ್ತೆ."

ಅತ್ತೆ ಎಂದರೆ ನಮ್ಮಪ್ಪನ ತಾಯಿ, ನಾನು ಹುಟ್ಟುವ ಎಷ್ಟೋ ಮುಂಚೆಯೇ ತೀರಿಕೊಂಡವರು. ದೊಡ್ಡಮ್ಮನಿಗೆ ಉಪ್ಪಿನ ಹದ ಕಲಿಸಿದವರು ಅವರೇ, ಆ ಮರಿಗೆ ಅವರದೇ. ಕೇಳಿದ ಮೇಲೆ ಏಳು ಉಸಿರು ಕಾಯಬೇಕು. ಆ ಏಳು ಉಸಿರಿನಲ್ಲಿ ಹಿತ್ತಾಳೆಯ ಕೊಳಗಗಳು ಆರುತ್ತಾ ಟಿಣ್ ಎನ್ನುತ್ತಿದ್ದವು, ಉಗ್ರಾಣದೊಳಗೆ ಬೆಲ್ಲದ ಮೇಲೆ ಏನೋ ಹರಿದಂತಾಗುತ್ತಿತ್ತು. ಬಹಳ ಸಲ ಯಾರೂ ಏನೂ ಹೇಳುತ್ತಿರಲಿಲ್ಲ. ಒಮ್ಮೊಮ್ಮೆ ಮಾತ್ರ ಹೇಳುತ್ತಿದ್ದರು. ಒಂದು ಉಪನಯನದ ದಿನ ಐದನೆಯ ಉಸಿರಿಗೆ ಕತ್ತಲೊಳಗಿಂದ, ಎಲ್ಲಿಂದ ಎಂದು ಹೇಳಲಾಗದ ಹಾಗೆ, "ಸಾರಿಗೆ ಬಿದ್ದಿಲ್ಲ" ಎಂಬ ಮಾತು ಬಂತು. ಪಿಸುಮಾತೂ ಅಲ್ಲ, ನನಗೆ ಗೊತ್ತಿದ್ದ ಯಾರ ದನಿಯೂ ಅಲ್ಲ. ದೊಡ್ಡಮ್ಮ, "ಆಗ್ಲಿ ಅತ್ತೆ" ಎಂದರು ಅಷ್ಟೆ. ಕಿಟಕಿ ತೆರೆದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ದೊಡ್ಡಮ್ಮ ಹೋಗಿ ಸಾರಿನ ಕೊಳಗದ ಮೇಲೆ ಮುಷ್ಟಿ ಬಿಚ್ಚಿದರು, ಮತ್ತೆ ಜೋರು ದನಿ, ಮತ್ತೆ ಜಂಬ. ಅಂದಿನಿಂದ ಬೆಲ್ಲ ತರಲು ಉಗ್ರಾಣಕ್ಕೆ ಹೋಗಬೇಕಾದರೆ ನಾನು ಹಿಮ್ಮುಖವಾಗಿ ನಡೆದು ಹೊರಗೆ ಬರುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ, ಅಜ್ಜಿ ನಿಜವಾಗಿ ಒಳಗಿದ್ದಾರಾ ಎಂದು ಕೇಳಿಯೂ ಬಿಟ್ಟೆ. "ಇದಾರೋ ಇಲ್ವೋ, ಕೇಳೋದು ನನ್ ಕೆಲ್ಸ" ಎಂದರು ದೊಡ್ಡಮ್ಮ.

ಆ ವರ್ಷ ಒಂದು ಮದುವೆಯ ಅಡುಗೆ ಒಪ್ಪಿಕೊಂಡರು. ಮುನ್ನೂರು ಎಲೆ. ಅದುವರೆಗೆ ಮದುವೆಯೆಂದರೆ ಗಂಡಸು ಅಡುಗೆಯವರದೇ ಕಾರುಬಾರು, ಹೆಂಗಸರ ತಂಡಕ್ಕೆ ಯಾರೂ ಕೊಟ್ಟಿರಲಿಲ್ಲ. ಗಂಡಿನ ಕಡೆಯ ಹಿರಿಯರೊಬ್ಬರು ಜಗುಲಿಯಲ್ಲಿ ಕೂತು, "ಆಗತ್ತೇನಮ್ಮ ನಿಮ್ ಕೈಲಿ?" ಎಂದು ಎರಡೆರಡು ಸಲ ಕೇಳಿದ್ದರು. ದೊಡ್ಡಮ್ಮ ಉತ್ತರ ಹೇಳದೆ ಅಂಗೈ ತೋರಿಸಿದ್ದರು. ಈ ಮದುವೆ ನಿಭಾಯಿಸಿದರೆ ಮುಂದಿನದೆಲ್ಲ ತಾನಾಗಿ ಬರುತ್ತದೆ, ತಪ್ಪಿದರೆ ಮತ್ತೆ ಯಾರೂ ಕರೆಯುವುದಿಲ್ಲ ಎಂಬುದು ತಂಡಕ್ಕೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಮದುವೆಯ ದಿನ ಬೆಳಿಗ್ಗೆ ಬಾಳೆಲೆ ಸಾಲದೆಂದು ನಾಗಮ್ಮನನ್ನು ಮಾರುಕಟ್ಟೆಗೆ ಓಡಿಸಿದ್ದರು. ಪದ್ದಕ್ಕ ಬಾಣಲೆಯ ಹೊಗೆಯಲ್ಲಿ ಮುಳುಗಿದ್ದರು. ನಾನು ಒರಳಿನ ಪಕ್ಕ ಹುಣಸೆಹಣ್ಣು ಹಿಡಿದು ಕೂತಿದ್ದೆ. ದೊಡ್ಡಮ್ಮ ಹುಳಿಯ ಕೊಳಗಕ್ಕೆ ಮೂರು ಮುಷ್ಟಿ ಉಪ್ಪು ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಮುಂಬಾಗಿಲಲ್ಲಿ ಯಾರೋ ಕೂಗಿದರು, ಮುಹೂರ್ತ ಅರ್ಧ ಗಂಟೆ ಮುಂಚೆಯೇ ಮುಗಿಯುತ್ತದೆ, ಊಟ ಬೇಗ ಬರಬೇಕು ಎಂದರು. ದೊಡ್ಡಮ್ಮ ಹೋಗಿ, ಅವರಿಗೆ ಸಮಾಧಾನ ಹೇಳಿ, ಬಿರಬಿರನೆ ಬಂದವರು ಮರಿಗೆಗೆ ಕೈ ಹಾಕಿ ಅದೇ ಕೊಳಗದ ಮೇಲೆ ಮತ್ತೆ ಮೂರು ಮುಷ್ಟಿ ಬಿಚ್ಚಿದರು.

ನನ್ನ ಬಾಯಿ ತೆರೆಯಿತು. ದೊಡ್ಡಮ್ಮನ ಮುಖ ನೋಡಿದೆ, ಮುಚ್ಚಿಕೊಂಡೆ. ಈ ಕೈ ಸುಳ್ಳು ಹೇಳುವುದಿಲ್ಲ. ದೊಡ್ಡ ಕೊಳಗ, ಮುನ್ನೂರು ಜನ, ಎರಡು ಸಲ ಹಾಕಬೇಕೇನೋ. ಬೀಜ ತೆಗೆಯುವ ಹುಡುಗಿಗೆ ಏನು ಗೊತ್ತು? ಹನ್ನೊಂದಾಯಿತು, ಕಿಟಕಿಗಳು ಮುಚ್ಚಿದವು. ಗೋಡೆಗೆ ಮುಖ ಮಾಡಿ ನಿಂತೆ. "ಕೈ ತಪ್ಪಿದ್ರೆ ಹೇಳಿ, ಅತ್ತೆ." ಒಂದು ಉಸಿರು, ಎರಡು. ಹೇಳಬೇಕಾದವರು ಅಜ್ಜಿ, ನಾನಲ್ಲ. ತಪ್ಪಿದ್ದರೆ ಅಜ್ಜಿಗೆ ಕಾಣದೇ ಇರುತ್ತದೆಯೇ? ನಾಲ್ಕು, ಐದು. ಅಜ್ಜೀ, ಹೇಳಿ ಅಜ್ಜೀ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆಗ ಒಂದು ವಿಚಿತ್ರ ನಡೆಯಿತು, ಇಂದಿಗೂ ನನಗೆ ಅದು ಭ್ರಮೆ ಎನ್ನಿಸುವುದಿಲ್ಲ. ನನ್ನ ಕುತ್ತಿಗೆಯ ಹಿಂದೆ ತಣ್ಣಗೆ, ಒದ್ದೆ ಉಪ್ಪಿನ ವಾಸನೆಯ ಒಂದು ಉಸಿರು ಬಂದು ನಿಂತಿತು. ಯಾರೋ ನನ್ನ ಹಿಂದೆ ಬಗ್ಗಿ, ನಾನು ಹೇಳಲಿ ಎಂದು ಕಾಯುತ್ತಿದ್ದ ಹಾಗೆ. ಹಲ್ಲು ಕಚ್ಚಿಕೊಂಡೆ. ಆರು, ಏಳು. "ಸರಿ, ತುಂಬಿ" ಎಂದರು ದೊಡ್ಡಮ್ಮ, ಕಿಟಕಿ ತೆರೆಯಿತು. ನನ್ನ ಹಿಂದೆ ಯಾರೂ ಇರಲಿಲ್ಲ.

ಛತ್ರದಲ್ಲಿ ಮೊದಲ ಪಂಕ್ತಿಯಲ್ಲಿ ಹುಳಿ ಬಿದ್ದ ಕೂಡಲೇ ಮಾತು ನಿಂತುಹೋಯಿತು. ತುಂಬಿದ ಪಂಕ್ತಿಯ ಊಟದ ಗಲಾಟೆ ಒಮ್ಮೆಲೇ ನಿಲ್ಲುವುದನ್ನು ನೀವು ಕೇಳಿದ್ದೀರಾ? ಎಲೆಯ ಮೇಲೆ ಅನ್ನ ದೂಡುವ ಸದ್ದಷ್ಟೇ ಉಳಿದಿತ್ತು. ಆ ಹಿರಿಯರು ಎದ್ದು ನಿಂತು ಏನೋ ಹೇಳಹೊರಟರು. ಅದಕ್ಕೆ ಮೊದಲೇ ದೊಡ್ಡಮ್ಮ ಅಡುಗೆಯ ಸೀರೆಯಲ್ಲೇ ಪಂಕ್ತಿಯ ನಡುವೆ ಬಂದು ಕೈ ಜೋಡಿಸಿದರು. "ತಪ್ಪು ನನ್ನ ಕೈದು. ಇವರ್ಯಾರದ್ದೂ ಅಲ್ಲ. ಸಾರು, ಗೊಜ್ಜು ಬಡಿಸ್ತೀವಿ, ದಯವಿಟ್ಟು ಎಲೆ ಬಿಟ್ಟು ಏಳ್ಬೇಡಿ" ಎಂದರು. ಪ್ರತಿಯೊಂದು ಸಾಲಿನ ಮುಂದೆಯೂ ನಿಂತು ಅದನ್ನೇ ಹೇಳಿದರು. ದನಿ ನಡುಗಲಿಲ್ಲ. ಕೊನೆಯ ಪಂಕ್ತಿಯವರೆಗೂ ನಿಂತೇ ಇದ್ದರು. ಅಂಥ ಎದೆಗಾರಿಕೆಯನ್ನು ನಾನು ಆಮೇಲೆ ದೊಡ್ಡ ದೊಡ್ಡ ಕುರ್ಚಿಗಳಲ್ಲಿ ಕೂತವರಲ್ಲೂ ಕಂಡಿಲ್ಲ.

ಮನೆಗೆ ಬಂದ ಮೇಲೆ, ಮಧ್ಯಾಹ್ನ ಮೂರು ಗಂಟೆಯಿರಬೇಕು, ಎಲ್ಲರೂ ಹೋಗಿದ್ದರು. ನೀರು ಕುಡಿಯಲು ಹೋದ ನಾನು ಬಾಗಿಲ ಮರೆಯಲ್ಲಿ ನಿಂತುಬಿಟ್ಟೆ. ದೊಡ್ಡಮ್ಮ ತೊಳೆಯದ ಕೊಳಗಗಳ ನಡುವೆ ನೆಲದ ಮೇಲೆ ಕೂತು, ಉಗ್ರಾಣದ ಬಾಗಿಲು ನೋಡುತ್ತಾ ಕೇಳುತ್ತಿದ್ದರು. "ಯಾಕೆ ಹೇಳ್ಲಿಲ್ಲ ಅತ್ತೆ? ಕೇಳಿದ್ನಲ್ಲ, ಯಾಕೆ ಹೇಳ್ಲಿಲ್ಲ?" ಕೋಪವಿರಲಿಲ್ಲ. ತಾಯಿ ಮಾತು ಬಿಟ್ಟಾಗ ಮಕ್ಕಳು ಕೇಳುವ ಹಾಗಿತ್ತು. ಓಡಿಹೋಗಿ ಅವರ ಮಡಿಲಲ್ಲಿ ಬಿದ್ದು ನಾನು ನೋಡಿದೆ ದೊಡ್ಡಮ್ಮ ಎನ್ನಬೇಕಿತ್ತು. ಮೂರು ಹೆಜ್ಜೆ ದೂರವಿದ್ದೆ. ನೀರು ಕುಡಿಯದೆ ಹಿಂದಕ್ಕೆ ಬಂದೆ.

ಆಮೇಲೆ ದೊಡ್ಡಮ್ಮ ತಮ್ಮ ಕೈಯನ್ನು ನಂಬಲಿಲ್ಲ. ಉಪ್ಪಿಗೆ ಒಂದು ಲೋಟ ತಂದಿಟ್ಟರು. ಅಳೆದು ಹಾಕಿದ ಮೇಲೂ ಸಾಕಾ ಪದ್ದಕ್ಕ, ಸಾಕಾ ನಾಗಮ್ಮ ಎಂದು ಕೇಳುವರು. ಕತ್ತಲು ಮಾಡಿ ಒಂದು ಸಲವಲ್ಲ, ಮೂರು ಸಲ, ನಾಲ್ಕು ಸಲ ಕೇಳುವರು. ಏಳು ಉಸಿರು ಇಪ್ಪತ್ತಾಯಿತು. ಕೆಲಸದವರು ಗೋಡೆಗೆ ಮುಖ ಮಾಡಿ ನಿಂತೇ ಇರುತ್ತಿದ್ದರು, ಅನ್ನ ಆರಿಹೋಗುತ್ತಿತ್ತು. ಬೆಳಗಿನ ಆ ಜೋರು ಇಲ್ಲದ ಮೇಲೆ ಹನ್ನೊಂದು ಗಂಟೆಯ ಆ ಸಣ್ಣ ದನಿಗೂ ಬೆಲೆ ಉಳಿಯಲಿಲ್ಲ. ತಾನೇ ನಂಬದ ಕೈಯನ್ನು ಬೇರೆಯವರು ಎಷ್ಟು ದಿನ ನಂಬಿಯಾರು? ಪದ್ದಕ್ಕ ಮೊದಲು ಬಿಟ್ಟರು, ಉಳಿದವರು ಒಬ್ಬೊಬ್ಬರಾಗಿ. ಎರಡು ವರ್ಷದಲ್ಲಿ ದೊಡ್ಡ ಅಡುಗೆಮನೆಗೆ ಬೀಗ ಬಿತ್ತು. ಮುದಿತನದಲ್ಲಿ ದೊಡ್ಡಮ್ಮ ಮನೆಯವರಿಗೆ ಮಾಡುವ ತಿಳಿಸಾರಿಗೂ ಉಪ್ಪು ಹಾಕದೆ, ಬಟ್ಟಲನ್ನು ಪಕ್ಕದಲ್ಲಿಟ್ಟು, "ನೀವೇ ಹಾಕ್ಕೊಳಿ" ಎನ್ನುತ್ತಿದ್ದರು. ನಾನು ಕಾಲೇಜು ಮುಗಿಸಿದ ವರ್ಷ ತೀರಿಕೊಂಡರು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು ಎರಡು ದಿನ ಇದ್ದರು, ಆ ಎರಡು ದಿನದಲ್ಲೂ ನಾನು ಹೇಳಲಿಲ್ಲ.

ನಾಗಮ್ಮನನ್ನು ಬಹಳ ವರ್ಷದ ಮೇಲೆ ನಜರ್‌ಬಾದಿನ ಅವಳ ಮಗಳ ಮನೆಯಲ್ಲಿ ನೋಡಿದೆ. ಕಣ್ಣು ಮಂಜಾಗಿತ್ತು, ನಾಲಿಗೆ ಚುರುಕಾಗೇ ಇತ್ತು. ಅಜ್ಜಿಯ ಮಾತೆತ್ತಿದೆ. ನಕ್ಕಳು. "ಯಾವ್ ಅಜ್ಜಿ ಪುಟ್ಟಮ್ಮಾ, ಬುಡು! ನಾವೇ ಏಳ್ತಿದ್ದುದ್ದು. ಸಾರಿಗೆ ಉಪ್ ಬಿದ್ದಿಲ್ಲ ಅಂದಿದ್ದು ನಾನೇ, ಬಾಗ್ಲು ಸಂದಿಂದ. ಬೆಳಕಲ್ಲಿ ನಾನು ಅಂಗೆ ಅಂದ್ರೆ ಯಾರ್ ಕೇಳಾರು? ನಿಮ್ ದೊಡ್ಡಮ್ಮಂಗೆ ಎಲ್ಲಾ ಗೊತ್ತಿತ್ತು ಕಣಮ್ಮ. ನಮಗೆ ಬಾಯಿ ಬರ್ಲಿ ಅಂತಾನೇ ಕತ್ಲು ಮಾಡ್ತಿದ್ದುದ್ದು." ಹೊಸ್ತಿಲು ದಾಟಬಾರದವಳಿಗೆ ಆ ಬೆರಳಿನಷ್ಟು ಸಂದು ಬಿಟ್ಟದ್ದು ಏಕೆಂದು ಆಗ ತಿಳಿಯಿತು. ಸ್ವಲ್ಪ ಹೊತ್ತಾದ ಮೇಲೆ ನಾಗಮ್ಮ ನಗು ನಿಲ್ಲಿಸಿ, "ಒಂದ್ ಸಲ ಮಾತ್ರ, ಪಾಯಸಕ್ಕೆ ಬೆಲ್ಲ ಕಮ್ಮಿ ಅಂತ ಬಂತು. ಆಮೇಲೆ ಕೇಳ್ಕೊಂಡ್ರೆ ನಮ್ಮಲ್ಲಿ ಯಾರೂ ಅಂದಿರ್ನಿಲ್ಲ" ಎಂದಳು. ಮತ್ತೆ, "ಮದ್ವೆ ದಿವ್ಸ ನಾನೊಬ್ಬಳು ಇದ್ದಿದ್ರೆ ಏಳ್ತಿದ್ದೆ ಪುಟ್ಟಮ್ಮಾ. ಯಾರೂ ನೋಡ್ನಿಲ್ವಲ್ಲ" ಎಂದು ಕಣ್ಣೊರೆಸಿಕೊಂಡಳು. ಅವಳಿಗೂ ಹೇಳಲಿಲ್ಲ. ಹೇಳದೇ ಇರುವುದು ಒಂದು ಸಲ ರೂಢಿಯಾದರೆ ಎಷ್ಟು ಸಲೀಸು ನೋಡಿ.

ನಾನೂ ಅಡುಗೆಯ ಕೆಲಸಕ್ಕೇ ಬಂದೆ. ದಟ್ಟಗಳ್ಳಿಯಲ್ಲಿ ಸಣ್ಣದಾಗಿ ಶುರುಮಾಡಿದ್ದು ಈಗ ಹನ್ನೊಂದು ಜನ ಹೆಂಗಸರ ಕೆಲಸವಾಗಿದೆ, ಹೊಸ್ತಿಲಿನ ಕಟ್ಟಳೆ ಇಲ್ಲ. ಕತ್ತಲ ಪದ್ಧತಿಯೂ ಇಲ್ಲ, ಅದನ್ನು ನಾನೇ ಬೇಡವೆಂದು ಬಿಟ್ಟೆ. ದೊಡ್ಡಮ್ಮ ಹಾಳಾದದ್ದು ಕೇಳಿ ಕೇಳಿಯೇ, ಅದಕ್ಕೆ ನಾನು ಯಾರನ್ನೂ ಕೇಳುವುದಿಲ್ಲ ಎಂದು ಹಟ ಹಿಡಿದಿದ್ದೆ. ನನ್ನ ಕೈಯೂ ಒಳ್ಳೆಯ ಕೈ, ಅದನ್ನು ತೋರಿಸುವ ಚಟವೂ ನನಗಿದೆ. ಹೋದ ಶ್ರಾವಣದಲ್ಲಿ, ಮರಿಗೆ ಇಳಿಸಿದ ವಾರವೇ, ನಾನಿಟ್ಟ ಪಾಯಸ ತಳ ಹಿಡಿದು ಪೂರ್ತಿ ಚೆಲ್ಲಬೇಕಾಯಿತು. ಪಕ್ಕದಲ್ಲೇ ನಿಂತಿದ್ದ, ನಮ್ಮ ತಂಡದ ಹುಡುಗಿ ಶಿಲ್ಪ ಅದನ್ನು ನೋಡಿದ್ದಳು. ಯಾಕೆ ಹೇಳಲಿಲ್ಲ ಎಂದು ಗದರಿದೆ. ತಲೆ ತಗ್ಗಿಸಿ, "ನೀವೇ ಇಟ್ಟಿದ್ದಲ್ವಾ ಮೇಡಂ, ಸರಿಯಾಗೇ ಇರತ್ತೆ ಅನ್ಕೊಂಡೆ" ಎಂದಳು. ಒರಳಿನ ಪಕ್ಕ ಹುಣಸೆಹಣ್ಣು ಹಿಡಿದು ಕೂತ ಹುಡುಗಿಯ ಮಾತು ಅದು, ಒಂದಕ್ಷರ ಆಚೀಚೆ ಇಲ್ಲ. ಅಂದು ನನಗೆ ಊಟ ಸೇರಲಿಲ್ಲ.

ಮಾರನೆಯ ದಿನ ಒಂದು ಮನೆಯ ಪೂಜೆಗೆ ಎಡೆಯ ಅಡುಗೆಯಿತ್ತು, ರುಚಿ ನೋಡುವಂತಿರಲಿಲ್ಲ. ಹನ್ನೊಂದು ಗಂಟೆಗೆ ಎಲ್ಲ ಇಳಿಸಿದ ಮೇಲೆ ಷಟರ್ ಎಳೆದೆ, ಲೈಟು, ಫ್ಯಾನು ಆರಿಸಿದೆ. "ಕರೆಂಟ್ ಹೋಯ್ತಾ ಮೇಡಂ?" ಎಂದು ಯಾರೋ ನಕ್ಕರು. ಇಲ್ಲ, ಎಲ್ಲರೂ ಗೋಡೆ ಕಡೆ ತಿರುಗಿ, ಯಾರಿಗೆ ಏನು ತಪ್ಪು ಕಂಡಿದ್ದರೂ ಈಗ ಹೇಳಿ, ನಾನು ತಿರುಗಿ ನೋಡುವುದಿಲ್ಲ ಎಂದೆ. ಮರಿಗೆಯ ಕಡೆಗೆ ಮುಖ ಮಾಡಿ ನಿಂತೆ. ನಲವತ್ತು ವರ್ಷದ ಮೇಲೆ ಆ ಮಾತು ನನ್ನ ಬಾಯಿಂದ ಬಂತು, ಕರೆದದ್ದು ಮಾತ್ರ ಬೇರೆಯವರನ್ನು.

"ಕೈ ತಪ್ಪಿದ್ರೆ ಹೇಳಿ, ದೊಡ್ಡಮ್ಮ."

ಸ್ಟೀಲಿನ ಪಾತ್ರೆಗಳು ಆರುತ್ತಾ ಟಿಣ್ ಎಂದವು. ಒದ್ದೆ ಉಪ್ಪಿನ ವಾಸನೆ ಕೋಣೆ ತುಂಬ ಹರಡಿತು. ಮೂರು ಉಸಿರು, ನಾಲ್ಕು. ಆರನೆಯದಕ್ಕೆ ನನ್ನ ಬೆನ್ನ ಹಿಂದಿನಿಂದ, ಸೊಂಟದಷ್ಟು ಎತ್ತರದಿಂದ, ಒಂದು ದನಿ ಬಂತು. "ಹುಳಿಗೆ ಎರಡು ಸಲ ಬಿತ್ತು, ದೊಡ್ಡಮ್ಮ. ನಾನು ನೋಡಿದೆ."

ನನ್ನ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಶಿಲ್ಪನಿಗೆ ಇಪ್ಪತ್ತಾರು ವರ್ಷ. ನನ್ನನ್ನು ದೊಡ್ಡಮ್ಮ ಎಂದು ಯಾರೂ ಕರೆಯುವುದಿಲ್ಲ. ಆ ದನಿ ಒಂಬತ್ತು ವರ್ಷದ ಹುಡುಗಿಯದು, ಹೆದರಿ ಒಣಗಿದ ಗಂಟಲಿನದು, ಅದು ಯಾರದೆಂದು ನನಗೆ ಗೊತ್ತಿತ್ತು. ತಿರುಗಿ ನೋಡಬೇಕೆಂದು ಮೈಯೆಲ್ಲ ಎಳೆಯಿತು. ನೋಡುವಂತಿಲ್ಲ. "ಆಗ್ಲಿ" ಎಂದೆ. ಷಟರ್ ಎತ್ತಿದೆ. ಹೆಂಗಸರು ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು, ಯಾರೂ ಯಾರ ಮುಖವನ್ನೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಹುಳಿಯಲ್ಲಿ ಅರ್ಧ ತೆಗೆದಿಟ್ಟು, ಉಳಿದದ್ದಕ್ಕೆ ಉಪ್ಪಿಲ್ಲದ ಬೇಳೆ, ತರಕಾರಿ ಬೇಯಿಸಿ ಸೇರಿಸಿದೆವು. ಎಡೆಯಾಯಿತು, ಪೂಜೆಯವರ ಊಟವಾಯಿತು, ಯಾರಿಂದಲೂ ದೂರು ಬರಲಿಲ್ಲ.

ಮೂರು ಗಂಟೆಗೆ ನಾನು ಊಟಕ್ಕೆ ಕೂತೆ. ಮೊದಲು ತೆಗೆದಿಟ್ಟಿದ್ದ ಆ ಹುಳಿಯನ್ನೇ ಅನ್ನಕ್ಕೆ ಹಾಕಿಸಿಕೊಂಡೆ. ಬಾಯಿಗಿಡಲಾಗದಷ್ಟು ಉಪ್ಪು. ಮುನ್ನೂರು ಜನ ಅಂದು ಎಲೆಯ ಬದಿಗೆ ದೂಡಿದ್ದು ಇದನ್ನೇ, ದೊಡ್ಡಮ್ಮ ಸಾಲು ಸಾಲಿಗೂ ಕೈ ಮುಗಿದದ್ದು ಇದಕ್ಕೇ. ಶಿಲ್ಪ, "ಬೇಡ ಮೇಡಂ, ಬಿಡಿ" ಎಂದು ತಟ್ಟೆಗೆ ಕೈ ಹಾಕಿದಳು. ಬಿಡಲಿಲ್ಲ, ಅಳುತ್ತಾ ಎಲ್ಲವನ್ನೂ ತಿಂದೆ. ಒರಳಿನ ಪಕ್ಕದ ಆ ಹುಡುಗಿ ಹೇಳಿದಳು ದೊಡ್ಡಮ್ಮ, ಕೊನೆಗೂ ಹೇಳಿದಳು. ಕೇಳಿಸಿಕೊಳ್ಳಲು ಅಲ್ಲಿ ನೀವು ಇರಲಿಲ್ಲ.